ಕಣ್ಣಿನ ಪರದೆಗೂ ಬೇಕು ಆರಂಭದ ಶಿಲ್ಕು

ಸಿದ್ದಾಪುರದ ಕಾಳುಮೆಣಸು ವ್ಯಾಪಾರಿಯೊಬ್ಬರ ಲೆಕ್ಕಪತ್ರಗಳನ್ನು ನಾನು ಬಹುಕಾಲದಿಂದ ಪರಿಶೋಧಿಸುತ್ತಿದ್ದೇನೆ. ಅವರ ಮಗನಿಗೆ 13ನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಪತ್ತೆಯಾಯಿತು. ಈಗ ಅವನಿಗೆ 21 ವರ್ಷ. ಇನ್ಸುಲಿನ್ ಖರೀದಿಯ ಪ್ರತಿಯೊಂದು ರಸೀದಿಯೂ ಕಡತದಲ್ಲಿದೆ; ಕಣ್ಣಿನ ಪರದೆಯ ಚಿತ್ರ ಮಾತ್ರ ಒಂದೂ ಇಲ್ಲ. ಎರಡು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ತೆಗೆದಿದ್ದರಂತೆ, ಆದರೆ ಪ್ರತಿ ಯಾರ ಬಳಿಯೂ ಉಳಿದಿಲ್ಲ. "ಹುಡುಗನಿಗೆ ದೃಷ್ಟಿ ಚೆನ್ನಾಗಿಯೇ ಇದೆಯಲ್ಲ" ಎಂಬುದು ತಂದೆಯ ಸಮಾಧಾನ.

ಈ ಸಮಾಧಾನವೇ ಅಪಾಯಕಾರಿ. ರಕ್ತದಲ್ಲಿ ಸಕ್ಕರೆಯಂಶ ದೀರ್ಘಕಾಲ ಹೆಚ್ಚಾಗಿದ್ದರೆ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಆಸರೆಯಾದ ಕೋಶಗಳು ನಶಿಸುತ್ತವೆ. ಗೋಡೆ ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತದೆ, ಮುಂದೆ ದ್ರವ ಸೋರುತ್ತದೆ. ಆರಂಭದಲ್ಲಿ ನೋವಿಲ್ಲ, ಮಂಜೂ ಇಲ್ಲ. ಉಬ್ಬು ಕಾಣುವ ಮೊದಲೇ ನಾಳಗಳ ಅಗಲ ಬದಲಾಗಬಹುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಟೈಪ್ 1 ಮಧುಮೇಹವಿದ್ದ ಹದಿಹರೆಯದವರನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿರುಧಮನಿಗಳು ಹಿಗ್ಗಿದ್ದವರಿಗೆ ಮುಂದೆ ರೆಟಿನೋಪತಿ ಬರುವ ಸಂಭವ ಅಧಿಕವೆಂದು ಕಂಡುಬಂದಿತು. ಇಂತಹ ವ್ಯತ್ಯಾಸ ಒಂದೇ ಚಿತ್ರದಿಂದ ತಿಳಿಯುವುದು ಕಷ್ಟ. ಹಿಂದಿನ ಚಿತ್ರದೊಡನೆ ತಾಳೆ ನೋಡಬೇಕು. ಆರಂಭದ ಶಿಲ್ಕು ಇಲ್ಲದ ಖಾತೆಯನ್ನು ನಾವು ಒಪ್ಪುತ್ತೇವೆಯೇ?

ಬೇಗ ತಿಳಿದರೆ ಪ್ರಯೋಜನವುಂಟು. ಅಮೆರಿಕ ಹಾಗೂ ಕೆನಡಾದಲ್ಲಿ 1441 ಟೈಪ್ 1 ರೋಗಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ, ಆರಂಭದಲ್ಲಿ ಕಣ್ಣಿನ ತೊಂದರೆಯಿಲ್ಲದವರು ಸಕ್ಕರೆಯನ್ನು ಬಿಗಿಯಾಗಿ ನಿಯಂತ್ರಿಸಿದಾಗ ರೆಟಿನೋಪತಿಯ ಸಂಭವ ಶೇ. 76ರಷ್ಟು ಇಳಿಯಿತು. ಅಲ್ಲಿ ಆರು ತಿಂಗಳಿಗೊಮ್ಮೆ ಅಕ್ಷಿಪಟಲದ ಚಿತ್ರ ತೆಗೆಯುತ್ತಿದ್ದರು. ಟೈಪ್ 1 ಇರುವ ಮಕ್ಕಳಿಗೆ, ರೋಗ ಬಂದು ಮೂರರಿಂದ ಐದು ವರ್ಷವಾಗಿದ್ದು, 11 ವರ್ಷ ತುಂಬಿದ್ದರೆ ಅಥವಾ ಪ್ರೌಢಾವಸ್ಥೆ ಆರಂಭವಾಗಿದ್ದರೆ ಮೊದಲ ಪರೀಕ್ಷೆ ಆಗಬೇಕೆಂಬುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಸಲಹೆ. ಟೈಪ್ 2 ಆದರೆ ಪತ್ತೆಯಾದ ಕೂಡಲೇ.

ಉಪಕರಣಕ್ಕಾಗಿ ವಿದೇಶದತ್ತ ನೋಡಬೇಕಿಲ್ಲ. 2010ರಲ್ಲಿ ಆರಂಭವಾದ ಬೆಂಗಳೂರಿನ ಫೋರಸ್ ಹೆಲ್ತ್ ಸಂಸ್ಥೆಯ '3ನೇತ್ರ' ಕ್ಯಾಮೆರಾವನ್ನು ಶಿಬಿರಗಳಿಗೆ ಒಯ್ಯಬಹುದು. ಸಣ್ಣ ಉದ್ಯಮಿಗಳಾದ ನಮಗೆ ಇದು ಹೆಮ್ಮೆಯ ವಿಷಯವೂ ಹೌದು.

ಆದ್ದರಿಂದ ನಮ್ಮ ವಾಣಿಜ್ಯ ಮಂಡಳಿ ನವೆಂಬರ್ 14ರ ವಿಶ್ವ ಮಧುಮೇಹ ದಿನದಂದು ಹಾರ, ಭಾಷಣಗಳ ಬದಲು ನೇತ್ರತಜ್ಞರ ನೆರವಿನಿಂದ ಅಂಗಡಿ, ಕಾಫಿ ಸಂಸ್ಕರಣಾ ಘಟಕಗಳ ತರುಣ ನೌಕರರಿಗೂ ಸದಸ್ಯರ ಮಕ್ಕಳಿಗೂ ಈ ಪರೀಕ್ಷೆ ಏರ್ಪಡಿಸಲಿ. ಚಿತ್ರದ ಪ್ರತಿಯನ್ನು ರೋಗಿಯ ಕೈಗೇ ಕೊಡುವುದು ಕಡ್ಡಾಯವಾಗಲಿ. ನೌಕರರಿಗಾಗಿ ಮಾಡಿದ ವೆಚ್ಚವನ್ನು ಸಿಬ್ಬಂದಿ ಕಲ್ಯಾಣದ ಬಾಬ್ತಿನಲ್ಲಿ ತೋರಿಸಬಹುದು, ರಸೀದಿ ಇರಲಿ. ಸ್ವಂತ ಕುಟುಂಬದ ತಪಾಸಣೆಯನ್ನು ವ್ಯಾಪಾರದ ಖರ್ಚಿಗೆ ಸೇರಿಸಬೇಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, 80ಡಿ ಎಂದು ನಾವು ಬಹುಕಾಲ ಕರೆದ ಕಡಿತದ ಮಿತಿಯೊಳಗೆ, ಮುನ್ನೆಚ್ಚರಿಕೆಯ ತಪಾಸಣೆಗೆ ರೂ. 5,000ದವರೆಗೆ ಅವಕಾಶವಿದೆ.

ಆ ಹುಡುಗ ಮುಂದಿನ ವಾರ ಮೈಸೂರಿಗೆ ಹೋಗುತ್ತಿದ್ದಾನೆ. ಚಿತ್ರದ ಪ್ರತಿಯನ್ನು ಕೇಳಿ ಪಡೆದು, ಇನ್ಸುಲಿನ್ ರಸೀದಿಗಳ ಕಡತದಲ್ಲೇ ಇಡುವಂತೆ ತಂದೆಗೆ ತಿಳಿಸಿದ್ದೇನೆ.