ಆಟದ ರಾತ್ರಿ, ಕೈಯಲ್ಲಿ ಕ್ಯಾಮೆರಾ

ಸಿದ್ದಾಪುರ ಕಡೆಯ ಒಂದು ಹಳ್ಳಿಮನೆ. ಆ ಮನೆಯ ಅಜ್ಜ ನಲವತ್ತು ವರ್ಷ ಯಕ್ಷಗಾನದಲ್ಲಿ ವೇಷ ಕಟ್ಟಿದವರು. ಆದರೆ ಗೋಡೆಯ ಮೇಲಿರುವುದು ಒಂದೇ ಫೋಟೊ. ಅದೂ ಶಿರಸಿಯ ಸ್ಟುಡಿಯೊದಲ್ಲಿ ಹಗಲು ಹೊತ್ತು ಕಿರೀಟ ಕಟ್ಟಿಕೊಂಡು ಕುರ್ಚಿಯ ಮೇಲೆ ಕುಳಿತದ್ದು. ಕುಣಿಯುವ ಅಜ್ಜನ ಪಟ ಒಂದೂ ಇಲ್ಲ. ಗ್ಯಾಸ್‌ಲೈಟಿನ ಕಾಲದಲ್ಲಿ ಯಾರೋ ತೆಗೆದ ಎರಡು ಮೂರು ಪಟಗಳಲ್ಲಿ ಬಿಳಿಯ ಮಬ್ಬು ಬಿಟ್ಟರೆ ಬೇರೇನೂ ಮೂಡಿರಲಿಲ್ಲ.

2024ರ ಬೇಸಿಗೆಯಲ್ಲಿ ಅಜ್ಜ ‘ಇದೇ ಕಡೆಯ ವೇಷ’ ಎಂದರು. ಊರ ದೇವಸ್ಥಾನದ ಎದುರು ಆಟ, ಪ್ರಸಂಗ ‘ಭೀಷ್ಮ ವಿಜಯ’, ಅಜ್ಜನದು ಭೀಷ್ಮ. ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದ ಮೊಮ್ಮಗಳು ಕ್ಯಾಮೆರಾ ಬೇಕೆಂದು ಹಟ ಹಿಡಿದಳು. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ತಂದುಕೊಟ್ಟರೇನೋ ನಿಜ, ಆದರೆ ಒಂದು ಪ್ರಶ್ನೆಯನ್ನೂ ಜೊತೆಗೆ ಕೊಟ್ಟರು: ‘ಇಷ್ಟಕ್ಕೆಲ್ಲ ಮೊಬೈಲು ಸಾಲುತ್ತಿರಲಿಲ್ಲವೆ?’

ಇದು ಇಂದು ಅನೇಕ ತಂದೆ ತಾಯಂದಿರ ಪ್ರಶ್ನೆ. ಉತ್ತರ ಅಂಗಡಿಯಲ್ಲಿಲ್ಲ, ಭೌತಶಾಸ್ತ್ರದ ಪುಸ್ತಕದಲ್ಲಿದೆ.

ಮೊದಲು ಒಂದು ಲೆಕ್ಕ. ಮಧ್ಯಾಹ್ನದ ಬಿಸಿಲಿಗೂ ರಾತ್ರಿಯ ಪೇಟೆಬೀದಿಯ ದೀಪದ ಬೆಳಕಿಗೂ ಸುಮಾರು 1000 ಪಟ್ಟು ಅಂತರವಿದೆ. ನಮ್ಮ ಕಣ್ಣು ಇದಕ್ಕೆ ಹೊಂದಿಕೊಂಡುಬಿಡುವುದರಿಂದ ನಮಗೆ ಅಷ್ಟು ತಿಳಿಯುವುದಿಲ್ಲ. ಕ್ಯಾಮೆರಾಕ್ಕೆ ತಿಳಿಯುತ್ತದೆ. ಬಿಸಿಲಿನಲ್ಲಿ ಐಎಸ್‌ಒ 100, ಎಫ್/16, ಷಟರ್ ಸೆಕೆಂಡಿನ 100ನೇ ಒಂದು ಭಾಗ ಇಟ್ಟರೆ ಪಟ ಸರಿಯಾಗಿ ಮೂಡುತ್ತದೆ. ರಾತ್ರಿ ಅದೇ ಪಟಕ್ಕೆ 1000 ಪಟ್ಟು ಹೆಚ್ಚು ಹೊತ್ತು ಷಟರ್ ತೆರೆದಿಡಬೇಕೆಂದರೆ 10 ಸೆಕೆಂಡು ಬೇಕು. ಅಷ್ಟು ಹೊತ್ತು ಯಾರ ಕೈ ತಾನೆ ಅಲುಗದೆ ನಿಂತೀತು?

ಇಲ್ಲಿ ಎರಡು ಬಾಗಿಲುಗಳಿವೆ. ಒಂದು, ಮಸೂರದ ಕಂಡಿ. 50 ಮಿ.ಮೀ. ಸಂಗಮ ದೂರದ ಮಸೂರದಲ್ಲಿ ಎಫ್/16 ಎಂದರೆ 50ನ್ನು 16ರಿಂದ ಭಾಗಿಸಿ. ಸುಮಾರು 3 ಮಿ.ಮೀ. ವ್ಯಾಸದ ಕಂಡಿ. ಎಫ್/2 ಎಂದರೆ 25 ಮಿ.ಮೀ. ವ್ಯಾಸ ಎಂಟು ಪಟ್ಟಾದರೆ ವಿಸ್ತೀರ್ಣ 64 ಪಟ್ಟು. ಇನ್ನೊಂದು, ಐಎಸ್‌ಒ. 100ರಿಂದ 1600ಕ್ಕೆ ಏರಿಸಿದರೆ 16 ಪಟ್ಟು. 64ನ್ನು 16ರಿಂದ ಗುಣಿಸಿ ನೋಡಿ: 1024! ಷಟರ್ ಮತ್ತೆ ಸೆಕೆಂಡಿನ 100ನೇ ಒಂದು ಭಾಗಕ್ಕೇ ಬಂತು. 50 ಮಿ.ಮೀ. ಮಸೂರಕ್ಕೆ 50ನೇ ಒಂದು ಭಾಗ ಸಾಕು, ಅದಕ್ಕಿಂತ ನಿಧಾನವಾದರೆ ಕೈನಡುಕ ಕಾಣುತ್ತದೆ ಎಂಬುದು ಛಾಯಾಗ್ರಾಹಕರ ಹಳೆಯ ಸೂತ್ರ. ಅಂದರೆ ಸ್ಟ್ಯಾಂಡಿಲ್ಲದೆಯೂ ರಾತ್ರಿ ಪಟ ತೆಗೆಯಬಹುದು.

ಹುಡುಗಿ ಮೊದಲ ಪರೀಕ್ಷೆ ಮಾಡಿದ್ದು ಆ ಮಾರ್ಚ್‌ನಲ್ಲಿ ನಡೆದ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ; ಬಿಡಕಿಬೈಲಿನ ಸುತ್ತ ರಾತ್ರಿಯೆಲ್ಲ ದೀಪ. ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಕಂಬಕ್ಕೆ ಒರಗಿ, ಅರ್ಧ ಉಸಿರು ಬಿಟ್ಟು ಗುಂಡಿ ಒತ್ತಿದಾಗ ಅಂಗಡಿಸಾಲುಗಳು ಚೆನ್ನಾಗಿಯೇ ಬಂದವು. ಆದರೆ ಬಳೆ ಆರಿಸುತ್ತಿದ್ದವರ ಕೈಗಳು ಮಬ್ಬಾಗಿದ್ದವು. ಪಟದ ಕಪ್ಪು ಭಾಗದಲ್ಲಿ ಮರಳು ಚೆಲ್ಲಿದಂತೆ ಕಾಳು ಕಾಳು.

ಈ ಕಾಳು ಎಲ್ಲಿಂದ ಬಂತು? ಸೋನೆಮಳೆ ಶುರುವಾದಾಗ ಅಂಗಳದಲ್ಲಿ ಒಂದೇ ಅಳತೆಯ ಹತ್ತು ಬಟ್ಟಲು ಇಟ್ಟು ಕೂಡಲೇ ಒಳಗೆ ತನ್ನಿ. ಒಂದರಲ್ಲಿ ಮೂರು ಹನಿ, ಇನ್ನೊಂದರಲ್ಲಿ ಏಳು. ಅರ್ಧ ತಾಸು ಬಿಟ್ಟು ತಂದರೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ. ಬೆಳಕೂ ಫೋಟಾನ್ ಎಂಬ ಹನಿಗಳ ಮಳೆ. ಸರಾಸರಿ 100 ಫೋಟಾನ್ ಬೀಳುವಲ್ಲಿ ಅದರ ವರ್ಗಮೂಲದಷ್ಟು, ಅಂದರೆ 10ರಷ್ಟು ಏರುಪೇರು, ಶೇಕಡಾ 10. ಸರಾಸರಿ 10,000 ಬಿದ್ದರೆ ಏರುಪೇರು 100; ಶೇಕಡಾ 1 ಮಾತ್ರ. ಐಎಸ್‌ಒ ಏರಿಸುವುದರಿಂದ ಹನಿ ಹೆಚ್ಚುವುದಿಲ್ಲ, ಬಿದ್ದ ಹನಿಯನ್ನೇ ದೊಡ್ಡದು ಮಾಡಿ ತೋರಿಸಿದಂತಾಗುತ್ತದೆ.

ಮೊಬೈಲಿನ ಜಾಣತನ ಇರುವುದು ಇಲ್ಲಿಯೇ. ಅದರ ಮಸೂರ ಬಲು ಚಿಕ್ಕದು. ಆದ್ದರಿಂದ ರಾತ್ರಿ ಹೊತ್ತು ಅದು ಒಂದರ ಹಿಂದೊಂದು ಹಲವು ಪಟ ತೆಗೆದು, ಒಂದರ ಮೇಲೊಂದು ಹೊಂದಿಸಿ, ಸರಾಸರಿ ಮಾಡುತ್ತದೆ. 16 ಪಟ ಸೇರಿದರೆ ಕಾಳು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಯಲ್ಲಾಪುರದ ಸೋದರಮಾವನ ಮನೆಗೆ ಹೋದಾಗ ಹುಡುಗಿ ಎರಡನ್ನೂ ಹೋಲಿಸಿ ನೋಡಿದಳು. ಅಂಗಳದ ತುಳಸಿಕಟ್ಟೆ, ಮಾಡಿನ ಹೆಂಚು ಇವೆಲ್ಲ ಮೊಬೈಲಿನಲ್ಲೇ ನುಣುಪಾಗಿ ಬಂದವು. ಅಂಕೋಲಾ ಹೆದ್ದಾರಿಯ ಲಾರಿ ಮಾತ್ರ ಬೆಳಕಿನ ಗೀರಾಯಿತು. ಕದಲದ ವಸ್ತುವಿಗೆ ಅಪ್ಪನ ಮಾತೇ ಸರಿ. ಕದಲುವುದಕ್ಕೆ ಅಲ್ಲ.

ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ತಿರುಗುವ ಕೈ, ಸೆಕೆಂಡಿನ ಕಾಲು ಭಾಗದಲ್ಲಿ 50 ಸೆಂ.ಮೀ. ಸರಿಯುತ್ತದೆ. ಗ್ಯಾಸ್‌ಲೈಟಿನ ಪಟಗಳಲ್ಲಿ ಅಜ್ಜ ಕರಗಿಹೋದದ್ದು ಹೀಗೆ. 100ನೇ ಒಂದು ಭಾಗದಲ್ಲಿ 2 ಸೆಂ.ಮೀ., 400ನೇ ಒಂದು ಭಾಗದಲ್ಲಿ ಅರ್ಧ ಸೆಂ.ಮೀ. ಕ್ಯಾಮೆರಾದೊಳಗಿನ ನಡುಕ ತಡೆಯುವ ವ್ಯವಸ್ಥೆಯೂ ಇಲ್ಲಿ ನೆರವಿಗೆ ಬಾರದು; ಅದು ತಡೆಯುವುದು ತೆಗೆಯುವವರ ನಡುಕವನ್ನು, ಕುಣಿಯುವವರ ಕುಣಿತವನ್ನಲ್ಲ.

ಹಾಗಾದರೆ ಫ್ಲಾಶ್ ಹಾಕಬಹುದಲ್ಲ? ಆಟದ ಸಂಜೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಲೇ ಅಜ್ಜ ಹೇಳಿದರು: ‘ಕೂಸೇ, ಕುಣಿತದ ಹೊತ್ತಿಗೆ ಮಿಂಚು ಹೊಡಿಯಡ. ಕಣ್ಣಿಗೆ ಕತ್ತಲೆ ಬತ್ತು.’ ಎಪ್ಪತ್ತು ದಾಟಿದ ಕಾಲು, ತಲೆಯ ಮೇಲೆ ಕಿರೀಟದ ಭಾರ. ಒಂದು ಕ್ಷಣ ಕಣ್ಣು ಕತ್ತಲಿಟ್ಟರೂ ಹೆಜ್ಜೆ ತಪ್ಪೀತು. ಫ್ಲಾಶ್ ಕಿಟ್ಟು ಚೀಲದಲ್ಲೇ ಉಳಿಯಿತು.

ರಂಗಸ್ಥಳದ ಬೆಳಕು ಬೀದಿಗಿಂತ ಇಮ್ಮಡಿ. ಐಎಸ್‌ಒ 3200 ಇಟ್ಟಳು. ಅಲ್ಲಿಗೆ ಮತ್ತೊಂದು ಇಮ್ಮಡಿ. 400ನೇ ಒಂದು ಭಾಗ ಸಿಕ್ಕಿತು. ಇಷ್ಟಾದರೂ ಮೊದಲ ತಾಸಿನ ಪಟಗಳಲ್ಲಿ ಬೆರಳ ತುದಿ ಮಬ್ಬು. ಆಗ ಅವಳಿಗೆ ತರಗತಿಯ ಪಾಠ ನೆನಪಾಯಿತು: ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಒಂದು ಗಳಿಗೆ ವೇಗ ಕಳೆದುಕೊಳ್ಳುತ್ತದೆ. ಕುಣಿತಕ್ಕೂ ಅಂಥ ತುದಿಗಳಿವೆ. ಚಂಡೆಯ ಪೆಟ್ಟು ಮುಗಿಯುವಲ್ಲಿ ವೇಷಧಾರಿ ನಿಲ್ಲುತ್ತಾನೆ. ಕಣ್ಣಿಗಿಂತ ಕಿವಿಯನ್ನು ನಂಬಿ, ಮುಕ್ತಾಯಕ್ಕೆ ಸರಿಯಾಗಿ ಒತ್ತತೊಡಗಿದಳು.

ಬೆಳಗಿನ ಜಾವದವರೆಗೆ ಇನ್ನೂರಕ್ಕೂ ಹೆಚ್ಚು ಪಟ. ಉಳಿದದ್ದು ಹನ್ನೊಂದು. ಒಂದರಲ್ಲಿ ಪರಶುರಾಮನ ಎದುರು ಬಿಲ್ಲೆತ್ತಿ ನಿಂತ ಭೀಷ್ಮ. ಕಣ್ಣಿನ ಕಾಡಿಗೆಯ ಗೆರೆಯೂ ಸ್ಪಷ್ಟ. ಕಾಳು ಇದೆ, ಆದರೆ ಅಜ್ಜ ಇದ್ದಾರೆ.

ಈಗ ಆ ಪಟ ಸ್ಟುಡಿಯೊ ಫೋಟೊದ ಪಕ್ಕದಲ್ಲಿ ತೂಗುತ್ತಿದೆ. ಅಜ್ಜ ಅದನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ದು ಇಷ್ಟೆ: ‘ಆನು ಕುಣಿದ್ರೆ ಹಿಂಗೆ ಕಾಣ್ತನೆ?’

ಮಕ್ಕಳೇ, ಇಂದು ರಾತ್ರಿ ಮನೆಯ ಮೊಬೈಲಿನಲ್ಲೇ ಒಂದು ಪ್ರಯೋಗ ಮಾಡಿ. ಜಗಲಿಯ ದೀಪದ ಕೆಳಗೆ ನಿಂತ ತಮ್ಮನದೊಂದು, ಓಡುವ ತಮ್ಮನದೊಂದು ಪಟ ತೆಗೆಯಿರಿ. ಎರಡನ್ನೂ ಹೋಲಿಸಿ, ಕಾರಣ ಬರೆಯಿರಿ. ಕ್ಯಾಮೆರಾ ಬೇಕೋ ಬೇಡವೋ ಎಂಬುದನ್ನು ಆಮೇಲೆ ಅಪ್ಪ ಅಮ್ಮನ ಜೊತೆ ಕುಳಿತು ತೀರ್ಮಾನಿಸಿ.