ನಮ್ಮ ಯಾಡಿ ಮಾತಾಡೋದು ಹಿಂದಿ ಅಲ್ರೀ

ಮೆಟ್ರೋ ಬೋರ್ಡಿನ ಮೇಲೆ ಹಿಂದಿ ಕಂಡಾಗ ಉರಿದುಬಿದ್ದ ಗೆಳೆಯರಿಗೆಲ್ಲ ಒಂದು ಪ್ರಶ್ನೆ. 2011ರ ಜನಗಣತಿಯ ಭಾಷಾ ಪಟ್ಟಿಯಲ್ಲಿ ‘ಹಿಂದಿ’ ಅನ್ನೋ ತಲೆಬರಹದ ಕೆಳಗೆ ಯಾರ್ಯಾರಿದ್ದಾರೆ ಅಂತ ನೋಡಿದ್ದೀರಾ? ಭೋಜಪುರಿ ಇದೆ, ರಾಜಸ್ಥಾನಿ ಇದೆ. ಜೊತೆಗೆ ‘ಲಮಾಣಿ/ಲಂಬಾಡಿ’ ಅಂತಲೂ ಇದೆ. 32 ಲಕ್ಷಕ್ಕೂ ಹೆಚ್ಚು ಜನ. ಅದರಲ್ಲಿ ನಮ್ಮ ಯಾಡಿಯೂ ಒಬ್ಬಳು. ಯಾಡಿ ಅಂದ್ರೆ ಅವ್ವ. ಶಹಾಪುರ ತಾಲೂಕಿನ ತಾಂಡಾ ಬಿಟ್ಟು ಹೊರಗೆ ಬದುಕದ ಆಕೆಗೆ ಹಿಂದಿ ಸಿನಿಮಾದ ಒಂದು ಡೈಲಾಗೂ ತಿಳಿಯಲ್ಲ. ಆಕೆ ಬರೆಸಿದ್ದು ಲಂಬಾಣಿ ಅಂತಲೇ. ದಿಲ್ಲಿಯಲ್ಲಿ ಅದು ಹಿಂದಿ ಖಾತೆಗೆ ಜಮಾ ಆಯ್ತು.

ಇದಕ್ಕೆ ಒಬ್ಬ ಕನ್ನಡ ಹೋರಾಟಗಾರನೂ ಸಿಟ್ಟಾಗಿದ್ದನ್ನ ನಾನಂತೂ ನೋಡಿಲ್ಲ.

ಊರಲ್ಲೇನು ಕತೆ ಬೇರೆನಾ? ನಾನು ಒಂದನೇ ಕ್ಲಾಸಿಗೆ ಹೋದಾಗ ಬಾಯಾರಿದ್ರೆ ‘ಪಾಣಿ’ ಅಂತಿದ್ದೆ. ‘ನೀರು’ ಅನ್ನೋ ತನಕ ಮಾಸ್ತರ್ರು ಬಿಡ್ತಿರಲಿಲ್ಲ. ಅಪ್ಪನ್ನ ಕರೆಸಿ, “ಮನ್ಯಾಗ ನಿಮ್ ಭಾಷಾ ಬಿಡ್ರಿ, ಕನ್ನಡ ಮಾತಾಡ್ರಿ, ಇಲ್ಲಂದ್ರ ಹುಡುಗ ಹಿಂದ ಬೀಳ್ತಾನ” ಅಂದ್ರು. ಯಾದಗಿರಿ, ಸುರಪುರದ ಕಡೆಯ ತಾಂಡಾಗಳ ಗೆಳೆಯರನ್ನ ಕೇಳಿದರೂ ಇದೇ ಮಾತು ಸಿಗುತ್ತೆ. ಒಳ್ಳೇ ಮನಸ್ಸಿನಿಂದಲೇ ಹೇಳಿರ್ತಾರೆ. ಆದರೆ ಸಂತೆ ಕನ್ನಡವಷ್ಟೇ ಗೊತ್ತಿರೋ ತಾಯಿ ಮಗನ ಜೊತೆ ಏನು ಮಾತಾಡಬೇಕು? ಬಾ, ಉಣ್ಣು, ಮಲ್ಕೊ. ಅಲ್ಲಿಗೆ ಮುಗೀತು. ಕತೆ ಇಲ್ಲ, ಜಗಳ ಇಲ್ಲ, ಮದುವೆಯಲ್ಲಿ ಹೆಣ್ಣು ಅಳುತ್ತಾ ಹಾಡೋ ಢಾವಲೋದ ಅರ್ಥ ಕೇಳೋ ಹಂಗಿಲ್ಲ. ಮಗುವಿಗೆ ಲಂಬಾಣಿಯೂ ಪೂರ್ತಿ ಬರಲ್ಲ, ಅಂಥ ಮನೆಯಿಂದ ಕನ್ನಡವೂ ಬರಲ್ಲ. ಗುಳೆ ಹೋದ ಮನೆಗಳ ಮಕ್ಕಳಂತೂ ಪುಣೆ, ಮುಂಬೈನ ಕಟ್ಟಡಗಳ ನೆರಳಲ್ಲಿ ವರ್ಷದ ಅರ್ಧ ಕಳೆದು, ವಾಪಸ್ ಬಂದು ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿರ್ತವೆ. ಅವಕ್ಕೆ ‘ದಡ್ಡ’ ಅನ್ನೋ ಹೆಸರು.

ನೀವು ಆಫೀಸ್ ಟ್ರಿಪ್ಪಿಗೆ ಹೋಗೋ ಸಿಂಗಪುರದಲ್ಲೂ ಹಿಂಗೇ ಆಯ್ತು. ದಕ್ಷಿಣ ಚೀನಾದಿಂದ ವಲಸೆ ಬಂದವರು ಮನೆಯಲ್ಲಿ ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್ ಮಾತಾಡ್ತಿದ್ರು. 1979ರಲ್ಲಿ ಸರ್ಕಾರ ‘ಮ್ಯಾಂಡರಿನ್ ಮಾತಾಡಿ’ ಅಂತ ಅಭಿಯಾನ ಶುರು ಮಾಡಿತು. ಟೀವಿ, ರೇಡಿಯೋದಿಂದ ಉಳಿದವನ್ನ ತೆಗೆದು ಹಾಕಿತು. 2020ರ ಗಣತಿ ಹೊತ್ತಿಗೆ ಮನೆಯಲ್ಲಿ ಹೆಚ್ಚಾಗಿ ಆ ಮಾತುಗಳನ್ನೇ ಆಡೋರು ಶೇ. 9ಕ್ಕಿಂತ ಕಡಿಮೆ. ತಮಾಷೆ ನೋಡಿ: 2016ರಲ್ಲಿ ಅದೇ ಸರ್ಕಾರ ಮುದುಕರಿಗೆ ತನ್ನ ಯೋಜನೆಗಳನ್ನ ತಿಳಿಸೋಕೆ ಹೊಕ್ಕಿಯೆನ್‌ನಲ್ಲಿ ಧಾರಾವಾಹಿ ಮಾಡಿಸಬೇಕಾಯ್ತು.

ಅಷ್ಟು ದೂರ ಯಾಕೆ? 1948ರ ತನಕ ನಮ್ಮ ಯಾದಗಿರಿ, ಶಹಾಪುರ, ಸುರಪುರ ನಿಜಾಮರ ಕೈಯಲ್ಲಿದ್ದವು. ಕಚೇರಿ ಉರ್ದು, ಮೇಲಿನ ಓದು ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಆದರೂ ಇಲ್ಲಿ ಕನ್ನಡ ಉಳೀತಲ್ಲ, ಹೆಂಗೆ? ಉರ್ದು ಓದಿದವನೂ ಮನೆಗೆ ಬಂದು ಅವ್ವನ ಜೊತೆ ಕನ್ನಡವನ್ನೇ ಆಡಿದ್ದಕ್ಕೆ. ಅವರಿಗೆ ಎರಡು ಭಾಷೆ ಭಾರ ಆಗಲಿಲ್ಲ, ತಾಂಡಾದ ಮಗುವಿಗೆ ಮಾತ್ರ ಆಗುತ್ತಾ?

‘ಲಿಪಿಯೇ ಇಲ್ಲವಲ್ಲ’ ಅನ್ನೋ ವಾದ ಬೇರೆ. ಕರಾವಳಿಯ ಶಾಲೆಗಳಲ್ಲಿ ತುಳುವನ್ನ ಕನ್ನಡ ಲಿಪಿಯಲ್ಲೇ ಕಲಿಸ್ತಿದ್ದಾರೆ. ‘ಕನ್ನಡಕ್ಕೆ ಧಕ್ಕೆ’ ಅನ್ನೋರಿಗೆ: ನೀವು ಓದ್ತಿರೋ ಇದನ್ನ ಬರೆದವನು ಐದು ವರ್ಷದ ತನಕ ಕನ್ನಡ ಆಡದವನು.

2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಬಂದು ಯಾದಗಿರಿಯೂ ಸೇರಿ ಐದು ಜಿಲ್ಲೆಗಳ ಸುಮಾರು 50 ಸಾವಿರ ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಡೋ ಕಾರ್ಯಕ್ರಮ ನಡೆಸಿದ್ರು. ಸಂತೋಷ, ಮನೆಗೆ ಕಾಗದ ಬಂತು. ಮನೆಯೊಳಗಿನ ಮಾತಿಗೆ? ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯೋ ಸೌಲಭ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. ಅಷ್ಟೆಲ್ಲ ಈಗಲೇ ಬೇಡ. ತಾಂಡಾ ಶಾಲೆಯ ಒಂದು, ಎರಡನೇ ಕ್ಲಾಸಿಗೆ ಲಂಬಾಣಿ ಬಲ್ಲ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ನೇಮಿಸಿ. ಪಿಯುಸಿ ಮುಗಿಸಿ ಕೆಲಸ ಇಲ್ಲದೆ ಕೂತವರು ಅಲ್ಲೇ ಇದ್ದಾರೆ. ಜನಗಣತಿಯಲ್ಲಿ ಲಂಬಾಣಿಗೆ ಹಿಂದಿಯ ಕೆಳಗಲ್ಲ, ತನ್ನದೇ ಸಾಲು ಕೊಡಿ. ಇವೆರಡನ್ನೇ ಕೇಳಿ ಒಂದು ಅರ್ಜಿ ಬರೀತಿದ್ದೀನಿ. ಬೋರ್ಡಿಗೆ ಮಸಿ ಬಳಿದವರಲ್ಲಿ ಸಹಿ ಹಾಕೋಕೆ ಎಷ್ಟು ಜನ ಬರ್ತೀರಿ, ಹೇಳ್ರಿ.