ಕಡಲ ಹೂವಿಗೆ ಹೂಡಿಯ ನೀರು

ಹೂಡಿಯಿಂದ ಕಡಲು ಬಲು ದೂರ. ಮಂಗಳೂರಿನತ್ತ ಹೊರಟರೆ 350 ಕಿಲೋಮೀಟರಿಗೂ ಹೆಚ್ಚು, ಚೆನ್ನೈನತ್ತ ಹೊರಟರೆ 300ಕ್ಕೂ ಹೆಚ್ಚು. ಸಾಲದ್ದಕ್ಕೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ ಬೇರೆ! ಇಂಥ ಊರಿನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವುದೆಂದರೆ ಒಂದು ತುಂಡು ಕಡಲನ್ನೇ ತಯಾರಿಸಿದಂತೆ. 2003ರಲ್ಲಿ ‘ಫೈಂಡಿಂಗ್ ನೀಮೋ’ ಚಿತ್ರ ಬಂದ ಮೇಲೆ ಮಕ್ಕಳಿಗೆ ಕಿತ್ತಳೆ ಬಣ್ಣದ ಕ್ಲೌನ್ ಮೀನು ಬೇಕು. ಮೀನು ಬಂದ ಮೇಲೆ ಅದು ಅಡಗುವ ಕಡಲ ಹೂವೂ ಬೇಕು. ಹಠಕ್ಕೆ ಸೋತ ಅಪ್ಪ ತಂದದ್ದೂ ಆಯಿತು ಎನ್ನೋಣ. ಮುಂದೇನು?

ಇಂಗ್ಲಿಷಿನಲ್ಲಿ ಸೀ ಅನಿಮೋನ್ ಎನಿಸಿಕೊಂಡ ಇದು ಹೂವಲ್ಲ, ಪ್ರಾಣಿ; ಹವಳ ಮತ್ತು ಜೆಲ್ಲಿ ಮೀನುಗಳ ನೆಂಟ. ಎಲುಬಿಲ್ಲ, ಚಿಪ್ಪಿಲ್ಲ, ಮಿದುಳೂ ಇಲ್ಲ. ಉಣ್ಣುವುದಕ್ಕೂ ಉಗುಳುವುದಕ್ಕೂ ಒಂದೇ ಬಾಯಿ. ಅದರ ಸುತ್ತ ಕುಟುಕುವ ಕರಬಳ್ಳಿಗಳು, ಬುಡದಲ್ಲಿ ಬಂಡೆಗೆ ಅಂಟಿಕೊಳ್ಳುವ ಪಾದ. ಕ್ಲೌನ್ ಮೀನಿಗೆ ಆಶ್ರಯ ಕೊಡುವ ಜಾತಿಗಳ ಮೈಯೊಳಗೆ ಏಕಕೋಶ ಪಾಚಿಗಳು ವಾಸವಾಗಿವೆ. ಬೆಳಕಿನಲ್ಲಿ ಅವು ತಯಾರಿಸುವ ಆಹಾರದ ಒಂದು ಪಾಲು ಮನೆಯೊಡೆಯನಿಗೆ ಸಲ್ಲುತ್ತದೆ. ಮೈಯ ಕಂದು ಬಣ್ಣ ಆ ಪಾಚಿಯದೇ. ಆದ್ದರಿಂದ ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗೆ ಕಾಣುವ ಅನಿಮೋನಿಗೆ ಮರುಳಾಗಬಾರದು. ಅದು ಪಾಚಿ ಕಳೆದುಕೊಂಡು ಹಸಿದಿರುವ ಪ್ರಾಣಿ. ಕಡು ಹಳದಿ, ನೇರಳೆ ಬಣ್ಣ ಹಾಕಿ ಮಾರುವವರೂ ಇದ್ದಾರೆ.

ಹೂಡಿಯಲ್ಲಿ ಮೊದಲ ತೊಡಕು ನೀರಿನದು. 2024ರ ಬೇಸಿಗೆಯಲ್ಲಿ ಮಹದೇವಪುರದ ಸುತ್ತಮುತ್ತ ಕೊಳವೆ ಬಾವಿಗಳು ಬತ್ತಿ, ಜನ ಟ್ಯಾಂಕರಿಗೆ ಕಾದು ಕುಳಿತದ್ದು ಮರೆಯುವಂಥದಲ್ಲ. ಕೊಳವೆ ಬಾವಿಯ ನೀರು ಗಡಸು. ನೈಟ್ರೇಟ್ ಇರುವುದೂ ಉಂಟು. ನಲ್ಲಿ ನೀರಿನಲ್ಲಿ ಕ್ಲೋರಿನ್. ಮೀನು ಹೇಗೋ ತಡೆದುಕೊಂಡೀತು, ತೆಳು ಚರ್ಮದ ಅನಿಮೋನ್ ತಡೆಯದು. ಆರ್‌ಓ ಯಂತ್ರದಲ್ಲಿ ಶುದ್ಧವಾದ ನೀರಿಗೆ ಅಕ್ವೇರಿಯಂ ಉಪ್ಪನ್ನೇ, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ, ಬೆರೆಸಬೇಕು. ಅಡುಗೆ ಉಪ್ಪು ಬೇಡ, ಅದರಲ್ಲಿ ಕಡಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಲ್ಲ. ಯಂತ್ರ ಹೊರಚೆಲ್ಲುವ ನೀರನ್ನು ಬಕೆಟ್ಟಿನಲ್ಲಿ ಹಿಡಿದರೆ ನೆಲ ಒರೆಸಲು ಬಂತು.

ಇಲ್ಲೊಂದು ಪಾಠ ವಿದ್ಯಾರ್ಥಿಗಳಿಗೆ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾದರೆ ಕಡಿಮೆಯಾದ ನೀರನ್ನು ತುಂಬಲು ಉಪ್ಪುನೀರು ಹಾಕಬೇಕೋ, ಸಿಹಿನೀರೋ? ಉಪ್ಪುನೀರು ಹಾಕುತ್ತಾ ಹೋದರೆ ವಾರದಿಂದ ವಾರಕ್ಕೆ ಲವಣಾಂಶ ಏರುತ್ತದೆ. ಪ್ರತಿದಿನ ಅಷ್ಟಷ್ಟೇ ಶುದ್ಧ ಸಿಹಿನೀರು ಸೇರಿಸುವುದು ಸರಿ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದಿಟ್ಟರೆ ಐದನೆಯ ತರಗತಿಯ ಹುಡುಗಿಯೂ ಈ ಕೆಲಸ ಮಾಡಬಲ್ಲಳು. ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಲಿ.

ತಂದ ದಿನ ಚೀಲದ ನೀರಿಗೆ ತೊಟ್ಟಿಯ ನೀರನ್ನು ಸಣ್ಣ ನಳಿಗೆಯಿಂದ ಹನಿಹನಿಯಾಗಿ, ಗಂಟೆಯ ಮೇಲೆ ಹಿಡಿದು ಬೆರೆಸಬೇಕು. ಚೀಲದ ನೀರು ತೊಟ್ಟಿಗೆ ಬೀಳಕೂಡದು. ಪಂಪಿನ ಬಾಯಿಗೆ ಸ್ಪಂಜು ಕಟ್ಟುವುದನ್ನು ಮರೆತರೆ ಗತಿ ಕೆಟ್ಟಂತೆ. ಏಕೆಂದರೆ ಅನಿಮೋನ್ ನಡೆಯುತ್ತದೆ! ಬೆಳಕು, ನೀರಿನ ಸೆಳೆತ, ಕಾಲೂರಲು ಬಿರುಕು, ಈ ಮೂರೂ ಹಿಡಿಸುವ ಜಾಗ ಸಿಗುವವರೆಗೆ ದಿನಗಟ್ಟಲೆ ಅಲೆಯುತ್ತದೆ. ಚಂದ ಕಾಣಲೆಂದು ಕಿತ್ತು ಮುಂದಿನ ಬಂಡೆಗೆ ತಂದಿಟ್ಟರೆ ಪಾದ ಹರಿಯುತ್ತದೆ. ಹರಿದ ಪಾದ ಕೊಳೆಯುತ್ತದೆ. ಮೊದಲ ವಾರ ಊಟವನ್ನೂ ಕೊಡುವುದು ಬೇಡ. ನೆಲೆ ನಿಂತ ಮೇಲೆ ವಾರಕ್ಕೊಮ್ಮೆ ಬಟಾಣಿ ಗಾತ್ರದ ಸಿಗಡಿ ಚೂರು ಸಾಕು. ಕೈಹಾಕಿದವರು ಆ ಕೈಯಲ್ಲೇ ಕಣ್ಣುಜ್ಜಬಾರದು.

ಒಂದು ಬೆಳಿಗ್ಗೆ ಅದು ಮುದುಡಿ ನೆಲ್ಲಿಕಾಯಿಯಷ್ಟಾಗಿ, ಕಂದು ಲೋಳೆ ಕಕ್ಕಿ ಕುಳಿತಿರಬಹುದು. ಮಕ್ಕಳ ಅಳು, ಅಮ್ಮನ ಗಾಬರಿ. ಆದರೆ ಅದು ಹಳೆಯ ನೀರು ಬಿಟ್ಟು ಹೊಸದು ತುಂಬಿಕೊಳ್ಳುವ ರೀತಿ, ಸಂಜೆಗೆ ಅರಳೀತು. ಬಾಯಿ ಜೋಲಾಗಿ ತೆರೆದೇ ಇದ್ದು, ಮೈ ಕರಗಿ, ಕೊಳೆತ ನಾತ ಬಂದರೆ ಮಾತ್ರ ತಡಮಾಡದೆ ಹೊರತೆಗೆಯಬೇಕು. ಇಲ್ಲವಾದರೆ ಅದರ ಅಮೋನಿಯ ಮೀನುಗಳನ್ನೂ ಕೊಲ್ಲುತ್ತದೆ.

ತೊಟ್ಟಿಯಲ್ಲಿ ಸತ್ತ ಅನಿಮೋನಿಗೆ ‘ವಯಸ್ಸಾಗಿತ್ತು’ ಎಂಬ ಸಮಾಧಾನ ಸಲ್ಲದು. ಸ್ಕಾಟ್ಲೆಂಡಿನ ಜಾನ್ ಗ್ರಹಾಂ ಡ್ಯಾಲಿಯೆಲ್ 1828ರಲ್ಲಿ ದಡದಿಂದ ಒಂದನ್ನು ತಂದು ಗಾಜಿನ ಜಾಡಿಯಲ್ಲಿಟ್ಟರು. 1851ರಲ್ಲಿ ಅವರೇ ತೀರಿಕೊಂಡರು. ‘ಗ್ರ್ಯಾನಿ’, ಅಂದರೆ ಅಜ್ಜಿ, ಎಂದು ಹೆಸರಾದ ಅನಿಮೋನ್ ಕೈಯಿಂದ ಕೈಗೆ ದಾಟಿ 1887ರವರೆಗೆ ಬದುಕಿತು! ಅದು ತಂಪು ಕಡಲಿನ ಗಟ್ಟಿ ಜಾತಿ, ಪಾಚಿಯ ಹಂಗಿಲ್ಲದ್ದು, ನಿಜ. ಆದರೆ ಫಿಲ್ಟರ್ ಇಲ್ಲ, ವಿದ್ಯುತ್ ಇಲ್ಲ. ತಪ್ಪದೆ ಬದಲಾಗುತ್ತಿದ್ದ ಸಮುದ್ರದ ನೀರಷ್ಟೇ ಅದಕ್ಕಿದ್ದ ಉಪಚಾರ.

ಆದ್ದರಿಂದ ಆರು ತಿಂಗಳಾದರೂ ನಡೆಯದ ಹೊಸ ತೊಟ್ಟಿಗೆ ಅನಿಮೋನ್ ತರುವುದು ಅನ್ಯಾಯವೇ. ಕ್ಲೌನ್ ಮೀನನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕೃತಕವಾಗಿ ಮರಿ ಮಾಡಿಸಿದೆ. ತೊಟ್ಟಿಯಲ್ಲಿ ಅದು ಅನಿಮೋನ್ ಇಲ್ಲದೆಯೂ ಸುಖವಾಗಿರುತ್ತದೆ. ಅಲಂಕಾರಕ್ಕೆ ಜೀವಂತ ಹವಳವಂತೂ ಬೇಡ. ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಕರೆಂಟ್ ಹೋದಾಗ ಬೇಕಾದೀತೆಂದು ಬ್ಯಾಟರಿಯ ಗಾಳಿ ಪಂಪೊಂದು ಮನೆಯಲ್ಲಿರಲಿ. ದಸರಾ ರಜೆಗೆ ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಬೀಗದ ಕೈಯ ಜೊತೆ, ದಿನಕ್ಕೊಂದರಂತೆ ಅಳೆದು ತುಂಬಿದ ಸಿಹಿನೀರಿನ ಬಾಟಲಿಗಳನ್ನೂ ಕೊಡಬೇಕು. ಪ್ರೀತಿಯಿಂದ ಸಿಗಡಿ ಹಾಕಲು ಹೊರಟಾರು, ಬೇಡವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.